ನಲವತ್ತು ದಿನದ ಬಾಣಂತನ ಯಾರಿಗೆ ಸಿಕ್ಕಿತು?

ಪೋಸ್ಟ್ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಬಗ್ಗೆ ಮಾತು ಬಂದಾಗೆಲ್ಲ ಜನ ಕೇಳೋದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯ್ತು? ಏನೇನು ಮಾಡಿದ್ರು? ಎರಡನೆಯದನ್ನು ಕೇಳೋ ಹಕ್ಕು ಯಾರಿಗೂ ಇಲ್ಲ, ಅದಿರಲಿ. ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ಎಲ್ಲಿ ಮಲಗಿದ್ರಿ? ಬಿಸಿನೀರು ಕಾಯಿಸಿ ಕೊಟ್ಟವರು ಯಾರು? ಆಪರೇಷನ್ ಕೆಲವು ಗಂಟೆಯ ಕೆಲಸ. ವಾಸಿಯಾಗೋದಕ್ಕೆ ವಾರಗಳು, ತಿಂಗಳುಗಳು ಬೇಕು. ಅದೆಲ್ಲ ಆಗೋದು ಮನೆಯಲ್ಲಿ. ಮನೆ ಅಂದ ಕೂಡಲೇ ಈ ದೇಶದಲ್ಲಿ ಜಾತಿ ಬರುತ್ತೆ, ಬಾಡಿಗೆ ಬರುತ್ತೆ, ನೀರಿನ ಟ್ಯಾಪು ಬರುತ್ತೆ. ಅದಕ್ಕೇ ಈ ಚರಿತ್ರೆ ನಮಗೂ ಸೇರಿದ್ದು ಅಂತ ಬರೀತಿದ್ದೀನಿ.

ಹಿಜ್ರಾ ಸಮುದಾಯದಲ್ಲಿ ಈ ಶಸ್ತ್ರಚಿಕಿತ್ಸೆಗೆ ‘ನಿರ್ವಾಣ’ ಅಂತ ಹೆಸರು. ನಮಗೆ ನಿರ್ವಾಣ ಅಂದ್ರೆ ಬುದ್ಧ ನೆನಪಾಗ್ತಾನೆ. ಅವರಿಗೆ ಅದು ಹಳೇ ದೇಹ ಸತ್ತು ಹೊಸ ದೇಹ ಹುಟ್ಟೋದು. ಆಸ್ಪತ್ರೆಗಳು ಬಾಗಿಲು ತೆರೆಯೋಕೆ ಎಷ್ಟೋ ಕಾಲ ಮೊದಲಿಂದ ಇದನ್ನು ಮಾಡ್ತಿದ್ದವರು ಸಮುದಾಯದೊಳಗಿನವರೇ. ಆಕೆಯನ್ನು ಕರೀತಿದ್ದದ್ದು ‘ದಾಯಿ’ ಅಂತ. ದಾಯಿ ಅಂದ್ರೆ ಸೂಲಗಿತ್ತಿ. ಆಪರೇಷನ್ ಮಾಡುವವಳು ಸೂಲಗಿತ್ತಿ ಆದ್ಮೇಲೆ ಮಾಡಿಸಿಕೊಂಡವಳು ಬಾಣಂತಿ ಅಂತಲೇ ಲೆಕ್ಕ. ಅಮೆರಿಕದ ಮಾನವಶಾಸ್ತ್ರಜ್ಞೆ ಸೆರೆನಾ ನಂದಾ 1990ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ನಲವತ್ತು ದಿನ ಮನೆ ಬಿಟ್ಟು ಹೊರಗೆ ಬರೋ ಹಾಗಿಲ್ಲ, ಕೆಲಸ ಮಾಡೋ ಹಾಗಿಲ್ಲ, ಊಟಕ್ಕೂ ಪಥ್ಯ. ಕನ್ನಡಿ ನೋಡಬಾರದು, ಗಂಡಸರ ಮುಖ ನೋಡಬಾರದು ಅನ್ನೋ ಕಟ್ಟಳೆಯೂ ಉಂಟು. ನಲವತ್ತನೇ ದಿನ ಅರಿಶಿನ, ಸ್ನಾನ, ಹೊಸ ಸೀರೆ, ಬಹುಚರಾ ಮಾತೆಯ ಪೂಜೆ.

ಇದನ್ನು ಕೇಳಿದ ಕೆಲವರು ‘ಮೂಢನಂಬಿಕೆ’ ಅಂತ ಮುಗಿಸಿಬಿಡ್ತಾರೆ. ನನಗೆ ಹಾಗೆ ಕಾಣಲ್ಲ. ಕನ್ನಡಿ, ಪೂಜೆ ಎಲ್ಲ ಬದಿಗಿಟ್ಟು ನೋಡಿ. ಉಳಿಯೋದು ಏನು? ಗಾಯ ಆದವಳು ನಲವತ್ತು ದಿನ ಸಂಪಾದನೆ ಮಾಡಬೇಕಿಲ್ಲ, ಅವಳ ಊಟ ಇನ್ನೊಬ್ಬರ ಹೊಣೆ, ಅವಳನ್ನು ಒಂಟಿಯಾಗಿ ಬಿಡಬಾರದು. ಯಾವ ಸರ್ಕಾರವೂ ಕೊಡದ ರಜೆಯನ್ನು ಯಾವ ಕಾನೂನಿನ ಬೆಂಬಲವೂ ಇಲ್ಲದ ಜನ ತಮ್ಮೊಳಗೇ ಕಟ್ಟಿಕೊಂಡಿದ್ದರು. ಬೆಂಗಳೂರಲ್ಲಿ ಹಿಜ್ರಾಗಳ ಮನೆಗಳು ಹಮಾಮ್ ಆಗಿದ್ದವು, ಅಂದ್ರೆ ದುಡ್ಡು ಕೊಟ್ಟು ಬಿಸಿನೀರ ಸ್ನಾನ ಮಾಡೋ ಜಾಗ. ಪಿಯುಸಿಎಲ್ ಕರ್ನಾಟಕ 2003ರಲ್ಲಿ ತಂದ ವರದಿಯಲ್ಲಿ ಆ ಹಮಾಮ್‌ಗಳ ಬದುಕೂ, ಅಲ್ಲಿಗೆ ನುಗ್ಗುತ್ತಿದ್ದ ಪೊಲೀಸರ ಕಥೆಯೂ ಇದೆ.

ಹಾಗಂತ ಇದನ್ನು ಚಿನ್ನದ ಕಾಲ ಅಂತ ಹೇಳ್ತಿಲ್ಲ. ಅರಿವಳಿಕೆ ಇಲ್ಲದೆ, ರಕ್ತ ನಿಲ್ಲದೆ ಸತ್ತವರಿದ್ದಾರೆ. ಸತ್ತರೆ ಹೇಳಿಕೊಳ್ಳೋ ಹಾಗೂ ಇರಲಿಲ್ಲ. ಗುರು ಹಾಕಿದ ಖರ್ಚು ಚೇಲಾ ಮೇಲೆ ಸಾಲವಾಗಿ ಕೂತು, ಅದನ್ನು ತೀರಿಸೋಕೆ ವರ್ಷಗಟ್ಟಲೆ ಭಿಕ್ಷೆ, ದಂಧೆ. ಇನ್ನೊಂದು ಮಾತು: ನಮ್ಮ ಉತ್ತರ ಕರ್ನಾಟಕದ ಜೋಗಪ್ಪಗಳಿಗೆ ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡರೆ ಸಾಕು, ಕೊಯ್ಯಿಸಿಕೊಳ್ಳೋ ಕಟ್ಟಳೆ ಇಲ್ಲ. ಆಪರೇಷನ್ ಆದವರೇ ‘ಪೂರ್ತಿ’, ಉಳಿದವರು ಅರ್ಧ ಅನ್ನೋ ಲೆಕ್ಕ ಎಲ್ಲ ಕಡೆಯದೂ ಅಲ್ಲ.

ಈಗ ಕಾನೂನಿಗೆ ಬರೋಣ. 1860ರ ಭಾರತೀಯ ದಂಡ ಸಂಹಿತೆಯ 320ನೇ ಸೆಕ್ಷನ್ ‘ಘೋರ ಗಾಯ’ ಅಂದ್ರೆ ಏನು ಅಂತ 2024ರವರೆಗೆ ಪಟ್ಟಿ ಕೊಡ್ತಿತ್ತು. ಪಟ್ಟಿಯಲ್ಲಿ ಮೊದಲನೆಯದೇ ಪುರುಷತ್ವ ಹರಣ. ಮಾಡಿಸಿಕೊಳ್ಳುವವಳ ಒಪ್ಪಿಗೆ ಇದ್ದರೂ ಡಾಕ್ಟರುಗಳಿಗೆ ಭಯ. ದಾಯಿಗೆ ಜೈಲು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ನಮ್ಮ ಚಳವಳಿಯ ಓದುಗರಿಗೆ ಗೊತ್ತು, ಮುಂದೆ ಮದ್ರಾಸ್ ಪ್ರಾಂತ್ಯದ ಕೊರವರ ಮೇಲೂ ಬಿದ್ದ ಕಾನೂನು ಅದು. ಆದರೆ ಅದರ ಎರಡನೇ ಭಾಗ ಪೂರ್ತಿ ಹಿಜ್ರಾಗಳ ಬಗ್ಗೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರ ಹೆಸರು, ಮನೆ ರಿಜಿಸ್ಟರ್‌ನಲ್ಲಿ ಬರೆಸಬೇಕು. ಹೆಂಗಸರ ಉಡುಪಲ್ಲಿ ಬೀದಿಗೆ ಬಂದರೆ ಎರಡು ವರ್ಷದವರೆಗೆ ಶಿಕ್ಷೆ. ಹದಿನಾರು ತುಂಬದ ಹುಡುಗನನ್ನು ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ. ದತ್ತು ತಗೊಳ್ಳೋ ಹಾಗಿಲ್ಲ, ಉಯಿಲು ಬರೆಯೋ ಹಾಗಿಲ್ಲ, ಯಾರಿಗೂ ಪೋಷಕರಾಗೋ ಹಾಗಿಲ್ಲ.

ಗಮನಿಸಿ, ಇವು ಬೀದಿಯ ಕಾನೂನುಗಳಷ್ಟೇ ಅಲ್ಲ, ಮನೆಯೊಳಗಿನವು. ಯಾರು ಯಾರನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಯಾರಿಗೆ ಏನು ಬಿಟ್ಟು ಹೋಗಬಹುದು ಅನ್ನೋದನ್ನೇ ಬ್ರಿಟಿಷರು ಒಡೆದರು. ಆ ಭಾಗವನ್ನು 1911ರಲ್ಲಿ ತೆಗೆದರು. ಆದರೆ ಅದೇ ಅಚ್ಚಿನ ಕಾನೂನು 1919ರಲ್ಲಿ ನಿಜಾಮರ ಹೈದರಾಬಾದಲ್ಲಿ ಬಂತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ! ನಾವೇನು ಕಮ್ಮಿ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೆಕ್ಷನ್ ಸೇರಿಸಿ ‘ನಪುಂಸಕರ’ ರಿಜಿಸ್ಟರ್ ಇಡೋ ಅಧಿಕಾರ ಪೊಲೀಸರಿಗೆ ಕೊಟ್ಟರು. ಸಂಘಟನೆಗಳು ಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಪದ ತೆಗೆದು ‘ವ್ಯಕ್ತಿ’ ಅಂತ ಹಾಕಿದರು. ಬ್ಯಾಂಡೇಜ್ ಸುತ್ತಿಕೊಂಡು ಮಲಗಿದವಳನ್ನು ಮನೆಯಲ್ಲಿ ಇಟ್ಟುಕೊಂಡವರ ಮೇಲೆ ಅಪಹರಣದ ಕೇಸು ಬೀಳೋ ಭಯ ಇದ್ದ ಮೇಲೆ ಯಾರು ಬಾಗಿಲು ತೆಗೀತಾರೆ?

ಈ ಭಯದಿಂದಲೇ ಆಪರೇಷನ್‌ಗಳು ದೂರದ ಊರುಗಳ ಸಣ್ಣ ದವಾಖಾನೆಗಳಿಗೆ ಹೋದವು. ಎ. ರೇವತಿಯವರ ಆತ್ಮಕಥೆ ಓದಿ, ದು. ಸರಸ್ವತಿಯವರು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದಿದ್ದಾರೆ. ಲಿವಿಂಗ್ ಸ್ಮೈಲ್ ವಿದ್ಯಾ 2007ರಲ್ಲಿ ತಮಿಳಲ್ಲಿ ತಮ್ಮ ಕಥೆ ಬರೆದರು. ಅವರು ದಲಿತ ಹೆಣ್ಣುಮಗಳು, ಓದಿದವರು, ಪುಣೆಯಲ್ಲಿ ರೈಲುಗಳಲ್ಲಿ ಭಿಕ್ಷೆ ಬೇಡಿ ಆಪರೇಷನ್‌ಗೆ ದುಡ್ಡು ಕೂಡಿಸಿದವರು. ಆಪರೇಷನ್ ಆದದ್ದು ಕಡಪದಲ್ಲಿ. ಅಷ್ಟು ದೊಡ್ಡ ಗಾಯ ಹೊತ್ತು ಮತ್ತೆ ರೈಲಲ್ಲೇ ಪುಣೆಗೆ ವಾಪಸ್. ಆ ಪುಟಗಳನ್ನು ಓದುವಾಗ ನನಗೆ ಕಾಡಿದ್ದು ಚಾಕು ಅಲ್ಲ, ಆ ರೈಲು. ದುಡ್ಡಿದ್ದವರಿಗೆ ಆಸ್ಪತ್ರೆ ಹಾಸಿಗೆ, ಇಲ್ಲದವರಿಗೆ ಬೋಗಿ.

ಇಲ್ಲಿ ಬಾಬಾಸಾಹೇಬರು ದಾಖಲಿಸಿದ ಒಂದು ಸಾವನ್ನು ನೆನೆಯಲೇಬೇಕು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದೆ. ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮೇಷ್ಟ್ರು ಬರೆದ ಪತ್ರ, 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಗಿದ್ದು. ಮೇಷ್ಟ್ರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡವರ ಕೈಕಾಲು ಹಿಡಿದು, ಎರಡು ರೂಪಾಯಿ ಫೀಜು ಒಪ್ಪಿಕೊಂಡ ಮೇಲೆ ಬಂದ. ಆದರೆ ಬಾಣಂತಿಯನ್ನು ಕೇರಿಯಿಂದ ಆಚೆ ತಂದು ಮಲಗಿಸಬೇಕು ಅಂತ ಷರತ್ತು ಹಾಕಿದ್ದ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ಅದು ವಾಪಸ್ ಬಂತು. ಮುಟ್ಟದೆಯೇ ನ್ಯುಮೋನಿಯಾ ಅಂತ ಹೇಳಿ ಹೋದ. ಆಕೆ ಸತ್ತಳು.

ಬಾಣಂತನ ಅನ್ನೋದು ಎಲ್ಲ ಹೆಂಗಸರಿಗೂ ಸಮಾನವಾಗಿ ಸಿಕ್ಕಿದ ಸಂಸ್ಕೃತಿ ಅಂತ ಭಾಷಣ ಮಾಡೋರಿಗೆ ನಾನು ಈ ಥರ್ಮಾಮೀಟರ್ ಕಥೆ ಹೇಳ್ತೀನಿ. ನಮ್ಮವ್ವ ಊರ ದೊಡ್ಡ ಮನೆಗಳ ಬಾಣಂತನಕ್ಕೆ ಸೌದೆ ಒಡೆದು ಹಾಕಿದವಳು, ಮೈಲಿಗೆ ಬಟ್ಟೆ ಒಗೆದವಳು. ತಾನು ಹೆತ್ತ ಹನ್ನೊಂದನೇ ದಿನಕ್ಕೆ ರಾಗಿ ಹೊಲದಲ್ಲಿ ಕಳೆ ಕೀಳ್ತಿದ್ದಳು.

ಅದೇ ಅವ್ವ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ಬಾಣಂತನ ಮಾಡಿದಳು. ನಮ್ಮ ಸಂಘಟನೆಯ ಹುಡುಗಿ, ಟ್ರಾನ್ಸ್ ಮಹಿಳೆ. ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ, ಹೆಸರು ಬೇಡ ಅಂದಿದ್ದಾಳೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು, ಎಂಟನೇ ದಿನ ಡಿಸ್ಚಾರ್ಜ್. ಅವಳು ಬಾಡಿಗೆಗಿದ್ದ ರೂಮಿಗೆ ನಾಲ್ಕು ಮನೆಗೆ ಸೇರಿ ಒಂದೇ ಕಕ್ಕಸು. ಈ ಆಪರೇಷನ್ ಆದ ಮೇಲೆ ದಿನಕ್ಕೆ ಹಲವು ಸಲ, ಸುಮಾರು ಅರ್ಧ ಗಂಟೆ, ಹೊಸದಾಗಿ ಮಾಡಿದ ಅಂಗ ಮುಚ್ಚಿಕೊಳ್ಳದ ಹಾಗೆ ಡೈಲೇಷನ್ ಮಾಡ್ಕೋಬೇಕು. ತಿಂಗಳುಗಟ್ಟಲೆ. ಅದಕ್ಕೆ ಚಿಲಕ ಇರೋ ಕೋಣೆ ಬೇಕು, ಶುದ್ಧ ನೀರು ಬೇಕು, ಮಲಗೋಕೆ ಜಾಗ ಬೇಕು. ಆರು ವಾರ ಭಾರ ಎತ್ತೋ ಹಾಗಿಲ್ಲ, ಒಂದು ಬಿಂದಿಗೆ ನೀರು ಸಹ. ನಮ್ಮ ಬಡಾವಣೆಗೆ ನಲ್ಲಿ ನೀರು ಬರೋದು ನಾಲ್ಕು ದಿನಕ್ಕೊಮ್ಮೆ.

ನಮ್ಮದು ಎರಡು ಕೋಣೆ ಮನೆ. ಒಂದನ್ನು ಅವಳಿಗೆ ಬಿಟ್ಟು, ಇನ್ನೊಂದರಲ್ಲಿ ನಾವು ಐದು ಜನ. ಮೊದಲ ವಾರ ಅವಳು ಸಂಕೋಚಕ್ಕೆ ಊಟ ಕಮ್ಮಿ ಮಾಡಿದ್ದಳು. ‘ಅತ್ತಿಗೆ, ನಿಮಗೆ ತೊಂದ್ರೆ’ ಅಂತ ದಿನಕ್ಕೆ ಹತ್ತು ಸಲ. ಅವ್ವ ಒಂದು ದಿನ ರೇಗಿದಳು: ‘ನಿಮ್ಮಣ್ಣನ್ನ ಹೆತ್ತಾಗ ನಂಗ್ಯಾರು ಮಾಡಿದ್ರೇ? ಈಗ ಮಾಡೋಕೆ ಕೈಯಾದ್ರೂ ಐತೆ, ಸುಮ್ನೆ ಬಿದ್ಕೊ.’ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸು ಬೆಳ್ಳುಳ್ಳಿ ಸಾರು, ಎಲ್ಲ ಆಯ್ತು. ಒಂದೇ ಜಗಳ ಅಂದ್ರೆ ನೀರಿಂದು. ಹಳೇ ಬಾಣಂತನದಲ್ಲಿ ನೀರು ಕಮ್ಮಿ, ಡಾಕ್ಟರು ಹೇಳಿದ್ದು ಜಾಸ್ತಿ ಕುಡೀಬೇಕು ಅಂತ. ನನ್ನ ಹೆಂಡತಿ ಡಿಸ್ಚಾರ್ಜ್ ಚೀಟಿಯನ್ನು ಗೋಡೆಗೆ ಅಂಟಿಸಿ, ಓದೋಕೆ ಬಾರದ ಅತ್ತೆಗೆ ದಿನಾ ಓದಿ ಹೇಳ್ತಿದ್ದಳು.

ಮಧ್ಯೆ ಜ್ವರ ಬಂದಾಗ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರೆ, ಅಲ್ಲಿಯ ಡಾಕ್ಟರು ಗಾಯ ನೋಡದೆ, ಮುಟ್ಟದೆ, ‘ಎಲ್ಲಿ ಮಾಡ್ಸಿದ್ರೋ ಅಲ್ಲೇ ಹೋಗಿ’ ಅಂದರು. ರಾತ್ರಿ ಬಾಡಿಗೆ ಕಾರು ಮಾಡಿ ಬೆಂಗಳೂರಿಗೆ ಹೋದೆವು. ಇನ್‌ಫೆಕ್ಷನ್ ಶುರುವಾಗಿತ್ತು, ಸಮಯಕ್ಕೆ ಸಿಕ್ಕಿತು. ದಾರಿ ಪೂರ್ತಿ ನನ್ನ ತಲೆಯಲ್ಲಿ ಕಾಠಿಯಾವಾಡದ ಮೇಷ್ಟ್ರು.

ಟ್ರಾನ್ಸ್ ಪುರುಷರ ಪಾಡು ಇನ್ನೂ ಬೇರೆ. ಅವರಿಗೆ ಹಮಾಮೂ ಇಲ್ಲ, ಗುರುವೂ ಇಲ್ಲ, ನಲವತ್ತು ದಿನದ ಕಟ್ಟಳೆಯೂ ಇಲ್ಲ. ಎದೆಯ ಆಪರೇಷನ್ ಆದವರಿಗೆ ಕೆಲವು ದಿನ ಮೈಗೆ ಡ್ರೈನ್ ಕೊಳವೆ ಇರುತ್ತೆ, ವಾರಗಟ್ಟಲೆ ಕೈಯನ್ನು ಭುಜದ ಮೇಲೆ ಎತ್ತೋ ಹಾಗಿಲ್ಲ. ತಲೆ ತೊಳೆದುಕೊಳ್ಳೋಕೂ ಇನ್ನೊಬ್ಬರು ಬೇಕು. ಹೆತ್ತವರ ಮನೆಗೆ ಹೋದರೆ ಹಳೇ ಹೆಸರು, ಹಳೇ ನೈಟಿ, ಮದುವೆ ಮಾತು. ಎಷ್ಟೋ ಜನ ಗೆಳೆಯರ ರೂಮಲ್ಲಿ ಸರದಿ ಮೇಲೆ ನೋಡಿಕೊಂಡು ವಾಸಿಯಾಗ್ತಿದ್ದಾರೆ. ಆ ಚರಿತ್ರೆಯನ್ನು ಅವರೇ ಬರೀಬೇಕು, ಬರೆದರೆ ನಾನು ಓದ್ತೀನಿ.

ಕಾಗದದ ಮೇಲೆ ಕಾಲ ಬದಲಾಗಿದೆ. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಮಾಡಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಆಪರೇಷನ್‌ಗೆ ದಾರಿ ಮಾಡಿತು. 2014ರ ಏಪ್ರಿಲ್ 15ರಂದು, ಅಂಬೇಡ್ಕರ್ ಜಯಂತಿಯ ಮಾರನೇ ದಿನ, ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂತು. ಗುರುತಿಗಾಗಿ ಆಪರೇಷನ್ ಮಾಡಿಸಿಕೊಳ್ಳಿ ಅಂತ ಒತ್ತಾಯಿಸೋದು ಅನೈತಿಕ, ಕಾನೂನುಬಾಹಿರ ಅಂತ ಅದರಲ್ಲೇ ಇದೆ. 2019ರ ಕಾಯ್ದೆಯ 15ನೇ ಸೆಕ್ಷನ್ ಶಸ್ತ್ರಚಿಕಿತ್ಸೆ, ಹಾರ್ಮೋನ್, ಆಪ್ತ ಸಮಾಲೋಚನೆ, ವಿಮೆ ಎಲ್ಲವನ್ನೂ ಸರ್ಕಾರದ ಹೊಣೆ ಅನ್ನುತ್ತೆ. 2022ರ ಆಗಸ್ಟಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ವಿಮೆ ಕೊಡೋ ಒಪ್ಪಂದಕ್ಕೆ ಕೇಂದ್ರ ಸಹಿ ಹಾಕಿತು. ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ ಖರ್ಚು ಎಷ್ಟು ದಿನಕ್ಕೆ ಗೊತ್ತಾ? 15 ದಿನಕ್ಕೆ. ಓದು ಬರಹ ಇಲ್ಲದ ದಾಯಿಗೆ ಗೊತ್ತಿದ್ದ ಲೆಕ್ಕ ನಲವತ್ತು.

ನಾನು ಗುಮಾಸ್ತ. ರಜೆ ಫೈಲುಗಳು ನನ್ನ ಟೇಬಲ್ ಮೇಲೇ ಹಾದು ಹೋಗ್ತವೆ. ಸರ್ಕಾರಿ ನೌಕರಿಯಲ್ಲಿ ಹೆರಿಗೆಗೆ 180 ದಿನ ರಜೆ ಇದೆ, ಇರಲೇಬೇಕು. ಸಂತಾನಹರಣ ಆಪರೇಷನ್‌ಗೆ ವಿಶೇಷ ಸಾಂದರ್ಭಿಕ ರಜೆ ಇದೆ, ಯಾಕಂದ್ರೆ ಆ ಆಪರೇಷನ್ ಸರ್ಕಾರಕ್ಕೆ ಬೇಕಿತ್ತು. 2021ರಲ್ಲಿ ನಮ್ಮ ರಾಜ್ಯ ನೇಮಕಾತಿಯಲ್ಲಿ ಟ್ರಾನ್ಸ್ ಸಮುದಾಯಕ್ಕೆ ಶೇ. 1 ಮೀಸಲಾತಿ ಕೊಟ್ಟಿತು, ಪರಿಶಿಷ್ಟ ಜಾತಿ, ಪಂಗಡ ಸೇರಿ ಎಲ್ಲ ಪ್ರವರ್ಗಗಳ ಒಳಗೂ. ಬಂದ ನೌಕರರು ನಾಳೆ ಆಪರೇಷನ್‌ಗೆ ಹೋದರೆ ಮಾಮೂಲಿ ವೈದ್ಯಕೀಯ ರಜೆಯೇ ಗತಿ. ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರು ಬರೆಸಬೇಕು. ಆ ಹಾಳೆ ಐದು ಟೇಬಲ್ ದಾಟೋ ಹೊತ್ತಿಗೆ ಕ್ಯಾಂಟೀನಿನವನಿಗೂ ವಿಷಯ ಗೊತ್ತಾಗಿರುತ್ತೆ.

1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಬೆಂಬಲಿಸಿದರು. ಹೆರುವ ಮುಂಚೆ, ಹೆತ್ತ ಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಭಾರವನ್ನು ಮಾಲೀಕನೂ ಸರ್ಕಾರವೂ ಹೊರಬೇಕು ಅಂತ ವಾದಿಸಿದರು. ಮರುವರ್ಷ ಅದು ಕಾನೂನಾಯ್ತು. ನಾವೀಗ ಮನವಿ ಪತ್ರ ಬರೆಯೋಕೆ ಹಿಡಿದಿರೋ ಆಧಾರ ಅದೇ. ಕೇಳ್ತಿರೋದು ಮೂರು: ಸಂಬಳ ಸಹಿತ ವಿಶೇಷ ರಜೆ, ಕಾಯಿಲೆ ಹೆಸರಿಲ್ಲದ ಸರ್ಟಿಫಿಕೇಟ್, ರೂಮಿಲ್ಲದವರಿಗೆ ಪ್ರತಿ ಜಿಲ್ಲಾ ಆಸ್ಪತ್ರೆ ಪಕ್ಕ ಆರು ವಾರ ಇರೋಕೆ ಕೋಣೆ, ಚಿಲಕ ಮತ್ತು ನೀರಿನ ಸಮೇತ.

ಕರಡು ನನ್ನ ಹತ್ತಿರ ಇದೆ. ಇಲಾಖೆಗಳಲ್ಲಿ ಇರೋ ನಮ್ಮ ನೌಕರ ಬಂಧುಗಳು, ಅದರಲ್ಲೂ ರಜೆ ನಿಯಮ ಚೆನ್ನಾಗಿ ಬಲ್ಲವರು, ಒಮ್ಮೆ ತಿದ್ದಿ ಕೊಡಿ. ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.

ಜೈಭೀಮ್.