ಹಳೆಯ ವಿದ್ಯಾರ್ಥಿಗಳ ಸಪ್ತಾಹ: ಒಂದು ಹಳೆಯ ಪಾಠ

ಮುಖರ್ಜಿ ನಗರದ ನಮ್ಮ ಮನೆಯಿಂದ ಕಾಲೇಜಿಗೆ ಹೋಗುವ ಮಗಳು ಮೊನ್ನೆ ಊಟಕ್ಕೆ ಕುಳಿತಾಗ ಗೊಣಗಿದಳು: "ಅಪ್ಪಾ, ಮುಂದಿನ ತಿಂಗಳು ಹಳೆಯ ವಿದ್ಯಾರ್ಥಿಗಳ ಸಪ್ತಾಹವಂತೆ. ಅವರು ಭಾಷಣ ಮಾಡುತ್ತಾರೆ, ನಾವು ಕುರ್ಚಿ ಹಾಕಬೇಕು. ಇದರಲ್ಲಿ ನಮಗೇನಿದೆ?"

ಆಗ ನನಗೆ ನೆನಪಾದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಟಿತು. ಶಾಸ್ತ್ರಿಗಳಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಅದೇ ಕಾಲೇಜಿಗೆ ಕನ್ನಡ ಮೇಷ್ಟ್ರಾಗಿ ಬಂದ ಜಿ. ಪಿ. ರಾಜರತ್ನಂ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು, ಹುಡುಗರನ್ನು ಬರವಣಿಗೆಗೆ ಹಚ್ಚಿದರು. ಅವರ ಶಿಷ್ಯ ಚಿ. ಶ್ರೀನಿವಾಸರಾಜು 1972ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಸಂಘ ಆರಂಭಿಸಿ, ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ನಡೆಸಿ, ಅವರ ಕವನಗಳನ್ನು ಪುಸ್ತಕವಾಗಿಯೇ ತಂದರು.

ಈ ಮೇಷ್ಟರುಗಳು ವಿದ್ಯಾರ್ಥಿಗಳನ್ನು ಬರಿಯ ಸಭಿಕರನ್ನಾಗಿ ಕೂರಿಸಲಿಲ್ಲ. ಕೈಗೆ ಕೆಲಸ ಕೊಟ್ಟರು. ಉತ್ಸಾಹ ಕೈಯಿಂದ ಕೈಗೆ ದಾಟಿದ್ದು ಹೀಗೆ.

ಇದನ್ನು ಕೇಳಿದ ಮಗಳು ಈಗ ಗೆಳತಿಯರೊಡನೆ ಗೋಡೆಪತ್ರಿಕೆಯೊಂದನ್ನು ಸಿದ್ಧಪಡಿಸುತ್ತಿದ್ದಾಳೆ. ಬರುವ ಹಿರಿಯರಿಗೆಲ್ಲ ಒಂದೇ ಪ್ರಶ್ನೆ: "ನಮ್ಮ ವಯಸ್ಸಿನಲ್ಲಿ ನೀವು ಇಲ್ಲಿ ಏನು ಮಾಡುತ್ತಿದ್ದಿರಿ?" ಕುರ್ಚಿ ಹಾಕುವ ಗೊಣಗಾಟ ನಿಂತಿದೆ.

ರಾಜ್ಯೋತ್ಸವದ ದಿನ ಮಕ್ಕಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಅವರಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂದು ಕೊರಗುವವರು ನಾವು. ಈ ಬಾರಿ ನಿರೂಪಣೆಯನ್ನು ಅವರಿಗೇ ಬಿಡೋಣ. ತಪ್ಪಿದರೆ ತಿದ್ದಲು ನಾವಿದ್ದೇವಲ್ಲ!