ನಿಧಾನ ಬಿಡುಗಡೆಯ ಮಾತ್ರೆಗೆ ಜೆನೆರಿಕ್ ಪರ್ಯಾಯ: ಕೊನೆಯ ಎರಡಕ್ಷರ ಗಮನಿಸಿ

ಮಧುಮೇಹ, ರಕ್ತದೊತ್ತಡದಂತಹ ಕಾಯಿಲೆಗಳಿಗೆ ವರ್ಷಗಟ್ಟಲೆ ಮಾತ್ರೆ ಸೇವಿಸಬೇಕಾದವರಿಗೆ ತಿಂಗಳ ಔಷಧ ವೆಚ್ಚ ಸಣ್ಣ ಹೊರೆಯೇನಲ್ಲ. ಮೂಲ ಔಷಧದ ಹೆಸರಿನಲ್ಲೇ ಮಾರಾಟವಾಗುವ ಜೆನೆರಿಕ್ ಮಾತ್ರೆಗಳು, 2008ರಲ್ಲಿ ಆರಂಭಗೊಂಡ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬ್ರಾಂಡ್ ಬೆಲೆಯ ಅರ್ಧಕ್ಕಿಂತಲೂ ಕಡಿಮೆಗೆ ದೊರೆಯುತ್ತವೆ. ಸಾಧಾರಣ ಮಾತ್ರೆಯಾದರೆ ಔಷಧದ ಹೆಸರು ಮತ್ತು ಮಿಲಿಗ್ರಾಂ ತಾಳೆಯಾದರೆ ಬಹುಮಟ್ಟಿಗೆ ಸಾಕು. ಆದರೆ ಹೆಸರಿನ ತುದಿಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಪಿಆರ್ ಮುಂತಾದ ಅಕ್ಷರಗಳಿದ್ದಲ್ಲಿ ಅಷ್ಟು ಸಾಲದು.

ಔಷಧವು ಒಮ್ಮೆಲೇ ಕರಗದೆ ಹಲವು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ ಎಂಬುದೇ ಈ ಅಕ್ಷರಗಳ ಅರ್ಥ. ಅದನ್ನು ಸಾಧಿಸುವ ಮಾರ್ಗ ಮಾತ್ರ ಒಂದೇ ಅಲ್ಲ. ಮಧುಮೇಹದ ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆಗಳು ಸಾಮಾನ್ಯವಾಗಿ ಹೊಟ್ಟೆಯಲ್ಲಿ ನೀರು ಹೀರಿ ಅಂಟಿನಂತೆ ಉಬ್ಬುತ್ತವೆ. ಔಷಧ ಅದರೊಳಗಿಂದ ಜಿನುಗುತ್ತದೆ. ನಿಫೆಡಿಪಿನ್‌ನ ಒಂದು ಬಗೆಯಲ್ಲಿ ಗಟ್ಟಿ ಕವಚಕ್ಕೆ ಲೇಸರ್‌ನಿಂದ ಕೊರೆದ ಸೂಕ್ಷ್ಮ ರಂಧ್ರವಿರುತ್ತದೆ. ಖಾಲಿ ಕವಚವು ಮಲದಲ್ಲಿ ಹಾಗೆಯೇ ಹೊರಬೀಳುವುದುಂಟು. ಔಷಧ ವ್ಯರ್ಥವಾಯಿತೆಂದು ಗಾಬರಿಪಡಬೇಕಿಲ್ಲ.

ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಂದೇ ಅರ್ಥವನ್ನು ಇಟ್ಟುಕೊಂಡಿಲ್ಲ ಎಂಬುದೇ ನಿಜವಾದ ತೊಡಕು. ಖಿನ್ನತೆಯ ಔಷಧವಾದ ಬುಪ್ರೋಪಿಯಾನ್‌ನ ಎಸ್‌ಆರ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, ಎಕ್ಸ್‌ಎಲ್ ಮಾತ್ರೆಯನ್ನು ಒಂದು ಬಾರಿ ಸೇವಿಸಬೇಕು. ಅಪಸ್ಮಾರಕ್ಕೆ ಕೊಡುವ ಡೈವಾಲ್‌ಪ್ರೊಯೆಕ್ಸ್‌ನಲ್ಲಿ ಡಿಲೇಡ್ ರಿಲೀಸ್ ಮತ್ತು ಎಕ್ಸ್‌ಟೆಂಡೆಡ್ ರಿಲೀಸ್ ಬೇರೆಬೇರೆ. ಒಂದರ ಬದಲು ಮತ್ತೊಂದನ್ನು ಅದೇ ಮಿಲಿಗ್ರಾಂನಲ್ಲಿ ಕೊಡುವಂತಿಲ್ಲ. ಹೃದಯದ ಔಷಧ ಮೆಟೊಪ್ರೊಲಾಲ್‌ನಲ್ಲಿ ಲವಣವೇ ಬದಲಾಗುತ್ತದೆ: ಸಾಧಾರಣ ಮಾತ್ರೆ ಟಾರ್ಟ್ರೇಟ್, ನಿಧಾನ ಬಿಡುಗಡೆಯದು ಸಕ್ಸಿನೇಟ್. ಪಟ್ಟಿಯ ಮೇಲೆ 47.5 ಮಿ.ಗ್ರಾಂ ಎಂದು ಕಂಡು ಅಂಗಡಿಯವರು ತಪ್ಪು ಮಾತ್ರೆ ಕೊಟ್ಟರೆಂದು ಶಂಕಿಸುವವರಿದ್ದಾರೆ. ಆ 47.5 ಸಕ್ಸಿನೇಟ್, 50 ಮಿ.ಗ್ರಾಂ ಟಾರ್ಟ್ರೇಟಿಗೆ ಸಮ.

ಎಲ್ಲವೂ ತಾಳೆಯಾದರೂ ವ್ಯತ್ಯಾಸ ಉಳಿಯಬಹುದೆಂಬುದಕ್ಕೆ ಅಮೆರಿಕದ ಪ್ರಕರಣವೊಂದು ಸಾಕ್ಷಿ. ಬುಪ್ರೋಪಿಯಾನ್‌ನ ವೆಲ್‌ಬ್ಯುಟ್ರಿನ್ ಎಕ್ಸ್‌ಎಲ್ ಬ್ರಾಂಡಿಗೆ ಸಮವೆಂದು ಬುಡೆಪ್ರಿಯಾನ್ ಎಕ್ಸ್‌ಎಲ್ 300 ಎಂಬ ಜೆನೆರಿಕ್‌ಗೆ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2006ರಲ್ಲಿ ಅನುಮತಿ ನೀಡಿತು. ಪರೀಕ್ಷೆ ನಡೆದಿದ್ದುದು 150 ಮಿ.ಗ್ರಾಂ ಮಾತ್ರೆಯ ಮೇಲೆ ಮಾತ್ರ. ಖಿನ್ನತೆ ಮರಳಿತೆಂದು ರೋಗಿಗಳಿಂದ ದೂರುಗಳು ಬಂದವು. ಕೊನೆಗೆ ಎಫ್‌ಡಿಎ ತಾನೇ 300 ಮಿ.ಗ್ರಾಂ ಮಾತ್ರೆಯನ್ನು ಪರೀಕ್ಷಿಸಿ, ಅದು ಸಮವಲ್ಲವೆಂದು 2012ರಲ್ಲಿ ಘೋಷಿಸಿತು. ರೋಗಿಗಳ ಮಾತು ಭ್ರಮೆಯಾಗಿರಲಿಲ್ಲ.

ನಮ್ಮಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ನಿಧಾನ ಬಿಡುಗಡೆಯ ರೂಪಗಳನ್ನು ಸದಾಕಾಲವೂ 'ಹೊಸ ಔಷಧ'ವೆಂದೇ ಪರಿಗಣಿಸುತ್ತವೆ. ಉಳಿದ ಬಹುತೇಕ ಔಷಧಗಳಿಗೆ ಈ ಪಟ್ಟ ನಾಲ್ಕು ವರ್ಷ ಮಾತ್ರ. ಇನ್ನು ಅಂಗಡಿಯ ವಿಚಾರ. ವೈದ್ಯರು ಬ್ರಾಂಡ್ ಹೆಸರು ಬರೆದಿದ್ದರೆ, ಶೆಡ್ಯೂಲ್ ಎಚ್‌ಗೆ ಸೇರಿದ ಔಷಧವನ್ನು ಔಷಧಾಂಗಡಿಯವರು ತಾವಾಗಿ ಬದಲಿಸಿ ಕೊಡುವಂತಿಲ್ಲ. ಆದ್ದರಿಂದ ಚೀಟಿ ಬರೆಯುವಾಗಲೇ ಮೂಲ ಔಷಧದ ಹೆಸರು, ಮಿಲಿಗ್ರಾಂ ಮತ್ತು ಬಿಡುಗಡೆಯ ರೂಪ ಮೂರನ್ನೂ ಬರೆದುಕೊಡುವಂತೆ ವೈದ್ಯರನ್ನು ಕೇಳುವುದು ಒಳಿತು. ಅಂಗಡಿಯಲ್ಲಿ ಬ್ರಾಂಡಿನ ತುದಿಯ ಅಕ್ಷರಕ್ಕಿಂತ, ಪಟ್ಟಿಯ ಮೇಲಿನ ಪೂರ್ಣ ಹೆಸರಿನಲ್ಲಿ 'ಪ್ರೊಲಾಂಗ್ಡ್ ರಿಲೀಸ್', 'ಸಸ್ಟೇನ್ಡ್ ರಿಲೀಸ್' ಅಥವಾ 'ಎಕ್ಸ್‌ಟೆಂಡೆಡ್ ರಿಲೀಸ್' ಎಂಬ ಪದವಿದೆಯೇ ಎಂದು ನೋಡಬೇಕು. ಆ ಪದವಿಲ್ಲದ ಮಾತ್ರೆಯನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ವೈದ್ಯರನ್ನು ಕೇಳದೆ ಬದಲಿಯಾಗಿ ಸೇವಿಸಬಾರದು. ನುಂಗಲಾಗದ ಹಿರಿಯರಿಗೆಂದು ಪುಡಿ ಮಾಡಿ ಕೊಡುವುದಂತೂ ಅಪಾಯಕರ. ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು.

ಅಪಸ್ಮಾರದ ಔಷಧಗಳು, ಲಿಥಿಯಂ, ಥಿಯೋಫಿಲಿನ್ ಇವುಗಳಲ್ಲಿ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಏರುಪೇರಾದರೂ ತೊಂದರೆಯಾಗಬಹುದು. ಇವನ್ನು ವೈದ್ಯರ ಸಮ್ಮತಿಯಿಲ್ಲದೆ ಬದಲಿಸಬಾರದು. ಒಮ್ಮೆ ಹೊಂದಿಕೊಂಡ ಮೇಲೆ ಪ್ರತಿ ತಿಂಗಳೂ ಅದೇ ತಯಾರಕರ ಮಾತ್ರೆಯನ್ನೇ ಕೇಳಿ ಪಡೆಯಬೇಕು. ಮಧುಮೇಹ, ರಕ್ತದೊತ್ತಡದ ಮಾತ್ರೆ ಬದಲಿಸಿದವರು ಮೊದಲ ಕೆಲವು ವಾರ ಸಕ್ಕರೆ ಅಥವಾ ಒತ್ತಡವನ್ನು ಎಂದಿಗಿಂತ ಹೆಚ್ಚು ಬಾರಿ ಅಳೆದು ಬರೆದಿಟ್ಟುಕೊಂಡರೆ, ವೈದ್ಯರಿಗೆ ತೋರಿಸಲು ಆಧಾರವಿರುತ್ತದೆ.