ಶಿವ್ತಾ: ಮರುಭೂಮಿಯ ಸಭೆಯೊಂದರ ಅಂತ್ಯವನ್ನು ಕುರಿತು

ಸಭಾಚರಿತ್ರೆಯನ್ನು ಬೋಧಿಸುವವರಿಗೆ ಕೆಲವು ವಾಕ್ಯಗಳು ಬಾಯಿಪಾಠವಾಗಿಬಿಟ್ಟಿರುತ್ತವೆ. ಏಳನೆಯ ಶತಮಾನದ ಪಾಠಕ್ಕೆ ಬಂದಾಗ ನಾನು ಅನೇಕ ವರ್ಷ ಹೇಳುತ್ತಿದ್ದ ವಾಕ್ಯವೊಂದಿತ್ತು: ಅರಬ್ಬರ ದಂಡಯಾತ್ರೆಯಿಂದ ದಕ್ಷಿಣ ಪ್ಯಾಲೆಸ್ತೀನದ ಮರುಭೂಮಿಯಲ್ಲಿದ್ದ ಕ್ರೈಸ್ತ ಪಟ್ಟಣಗಳು ನಾಶವಾದವು. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಿದ್ದರು; ಪರೀಕ್ಷೆಯಲ್ಲಿ ನನಗೇ ಒಪ್ಪಿಸುತ್ತಿದ್ದರು; ನಾನು ಅಂಕ ಕೊಡುತ್ತಿದ್ದೆನು. ಆ ವಾಕ್ಯ ನನಗೆ ಎಲ್ಲಿಂದ ಬಂದಿತೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಕೆಲವು ವಾರಗಳ ಅಧ್ಯಯನಕ್ಕಾಗಿ ಯೆರೂಸಲೇಮಿನಲ್ಲಿ ತಂಗಿದ್ದಾಗ, ಒಂದು ವಾರಾಂತ್ಯದಲ್ಲಿ ಶಿವ್ತಾ ಎಂಬ ಹಾಳೂರನ್ನು ನೋಡುವ ಅವಕಾಶ ದೊರೆಯಿತು. ಅಲ್ಲಿ ಕಂಡದ್ದೂ, ಕಂಡದ್ದನ್ನು ಅರ್ಥಮಾಡಿಕೊಳ್ಳಲು ಆಮೇಲೆ ಓದಿದ್ದೂ ಈ ಲೇಖನದ ವಸ್ತು.

ಸಬ್ಬತ್ತಿನ ದಿನ ಬಸ್ಸುಗಳು ಓಡುವುದಿಲ್ಲವಾದುದರಿಂದ ನಾವು ಏಳು ಮಂದಿ ಸೇರಿ ಬಾಡಿಗೆಯ ವ್ಯಾನಿನಲ್ಲಿ ಶುಕ್ರವಾರವೇ ಹೊರಟೆವು. ಆ ರಾತ್ರಿ ಬೇರ್ಷೆಬದಲ್ಲಿ ತಂಗಿ ಬೆಳಗಿನ ಜಾವ ಮುಂದುವರಿದೆವು. ಅಲ್ಲಿಂದ ನೈರುತ್ಯಕ್ಕೆ ಸುಮಾರು 40 ಕಿಲೋಮೀಟರು. ಪಿತೃಗಳ ಚರಿತ್ರೆಯಲ್ಲಿ ಬಾವಿಗಳಿಗಾಗಿ ನಡೆದ ಜಗಳಗಳನ್ನು ಓದಿದವರು ಈ ದಾರಿಯಲ್ಲಿ ಒಮ್ಮೆ ಹೋಗಬೇಕು. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನ ಸೇವಕರು ಒಂದರ ಮೇಲೊಂದು ಬಾವಿ ತೋಡುವುದೂ ಅವುಗಳಿಗೆ ಹೆಸರಿಡುವುದೂ ಏಕೆ ಅಷ್ಟು ವಿಸ್ತಾರವಾಗಿ ವರ್ಣಿತವಾಗಿದೆಯೆಂದು ಆಗ ತಿಳಿಯುತ್ತದೆ.

ಶಿವ್ತಾ ಸತ್ಯವೇದದ ಊರಲ್ಲ. 1870ರಲ್ಲಿ ಇಲ್ಲಿಗೆ ಬಂದ ಆಂಗ್ಲ ವಿದ್ವಾಂಸ ಎಡ್ವರ್ಡ್ ಪಾಮರನು, ಅರಬ್ಬೀ ಹೆಸರಿನ ಸದೃಶತೆಯನ್ನು ನೋಡಿ, ನ್ಯಾಯಸ್ಥಾಪಕರ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಬರುವ ಚೆಫತ್ ಇದೇ ಎಂದು ಊಹಿಸಿದನು. ಆ ಕಾಲದ ಅವಶೇಷ ಯಾವುದೂ ಇಲ್ಲಿ ದೊರೆತಿಲ್ಲ. ನಬಾತೀಯರ ಕಾಲದಲ್ಲಿ ಹುಟ್ಟಿದ ಈ ನೆಲೆ ಬಿಜಂಟೈನ್ ಆಳ್ವಿಕೆಯಲ್ಲಿ, ಅಂದರೆ ನಾಲ್ಕರಿಂದ ಏಳನೆಯ ಶತಮಾನದವರೆಗೆ, ಕ್ರೈಸ್ತ ರೈತರ ದೊಡ್ಡ ಊರಾಗಿ ಬೆಳೆಯಿತು. ಗ್ರೀಕರು ಇದನ್ನು ಸೊಬಾತಾ ಎಂದು ಕರೆದರು. ಸುಮಾರು 170 ಮನೆಗಳು, ಮೂರು ದೇವಾಲಯಗಳು, ಮೂರು ದ್ರಾಕ್ಷಿಯ ಆಲೆಗಳು ಇಲ್ಲಿವೆ. ಪ್ರತ್ಯೇಕವಾದ ಕೋಟೆಗೋಡೆ ಮಾತ್ರ ಇಲ್ಲ. ಅಂಚಿನ ಮನೆಗಳ ಹಿಂಗೋಡೆಗಳೇ ಒಂದಕ್ಕೊಂದು ತಾಗಿಕೊಂಡು ಊರನ್ನು ಸುತ್ತುವರಿದಿವೆ. 1930ರ ದಶಕದಲ್ಲಿ ಕೋಲ್ಟ್ ಎಂಬ ಅಮೆರಿಕನನ ನೇತೃತ್ವದಲ್ಲಿ ಇಲ್ಲಿ ಉತ್ಖನನ ನಡೆಯಿತು. 2005ರಲ್ಲಿ ನೆಗೆವಿನ ಇತರ ಮೂರು ಹಾಳೂರುಗಳೊಡನೆ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ವರ್ಷಕ್ಕೆ ಸುಮಾರು 100 ಮಿಲಿಮೀಟರು ಮಳೆ ಬೀಳುವ ನೆಲದಲ್ಲಿ ಇಷ್ಟು ಜನ ಹೇಗೆ ಬದುಕಿದರು? ನಮ್ಮ ಬಯಲುಸೀಮೆಯವರು ಬರಗಾಲವೆಂದು ಕರೆಯುವ ವರ್ಷಗಳಲ್ಲಿಯೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಉತ್ತರ ಬೆಟ್ಟದ ಇಳಿಜಾರಿನಲ್ಲಿದೆ. ಒಂದು ಎಕರೆ ಹೊಲಕ್ಕೆ ಇಪ್ಪತ್ತು ಮೂವತ್ತು ಎಕರೆ ಬೋಳುಗುಡ್ಡದ ನೀರನ್ನು ಸಣ್ಣ ಕಾಲುವೆಗಳ ಮೂಲಕ ಹರಿಸಿ, ಕಲ್ಲಿನ ಅಡ್ಡಗಟ್ಟೆಗಳಲ್ಲಿ ತಡೆದು, ಮಣ್ಣಿಗೆ ಕುಡಿಸುವುದೇ ಅವರ ವಿಧಾನ. ಸಸ್ಯವಿಜ್ಞಾನಿ ಮಿಖಾಯೆಲ್ ಎವೆನಾರಿಯವರು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಶಿವ್ತಾದಲ್ಲಿಯೂ ಅವ್ದಾತಿನಲ್ಲಿಯೂ ಇಂತಹ ಹಳೆಯ ಹೊಲಗಳನ್ನು ಮತ್ತೆ ಕಟ್ಟಿ, ಬೆಳೆ ತೆಗೆದು ತೋರಿಸಿದರು. ಕುಡಿಯುವ ನೀರಿಗೆ ಊರ ನಡುವೆ, ದಕ್ಷಿಣ ದೇವಾಲಯದ ಎದುರಿಗೇ, ಜೋಡಿ ಕೊಳಗಳಿವೆ. ಇಲ್ಲಿ ದೊರೆತ ಮಡಕೆಚೂರುಗಳ ಮೇಲೆ ಗ್ರೀಕಿನಲ್ಲಿ ರಸೀದಿಗಳನ್ನು ಬರೆಯಲಾಗಿದೆ: ಇಂಥವನು ಕೊಳದ ಕೆಲಸದಲ್ಲಿ ತನ್ನ ಸರದಿಯ ದುಡಿಮೆಯನ್ನು ಮುಗಿಸಿದ್ದಾನೆ ಎಂದು. ಕೆರೆಯ ಹೂಳೆತ್ತುವ ಸರದಿಯನ್ನು ಕಂಡ ನಮ್ಮ ಹಳ್ಳಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಂಥಗಳ ವಾಗ್ವಾದಗಳಿಂದಲೇ ಆರನೆಯ ಶತಮಾನವನ್ನು ಅರಿತಿದ್ದ ನನಗೆ, ಕ್ರಿಸ್ತನ ಸ್ವಭಾವಗಳ ಚರ್ಚೆ ಸಾಮ್ರಾಜ್ಯವನ್ನೇ ಅಲುಗಾಡಿಸುತ್ತಿದ್ದ ದಿನಗಳಲ್ಲಿ ಈ ಸಭೆಯವರು ಸನಿಕೆ ಹಿಡಿದು ಕೊಳದೊಳಗೆ ಇಳಿದಿದ್ದರೆಂಬುದು ಒಂದು ಸಮಾಧಾನ.

ಸಾಹಿತ್ಯದಲ್ಲಿಯೂ ಈ ಊರಿನ ನೆನಪು ಉಳಿದಿದೆ. ನೀಲೋಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ಕಥನವೊಂದರಲ್ಲಿ, ಸೀನಾಯಿಯ ಸನ್ಯಾಸಿಗಳ ಮೇಲೆ ಅಲೆಮಾರಿಗಳು ಬಿದ್ದು ಥಿಯೊಡೂಲೊಸನೆಂಬ ಯುವಕನನ್ನು ಸೆರೆಹಿಡಿಯುತ್ತಾರೆ. ಅವನನ್ನು ಮಾರಲು ಈ ಊರಿಗೆ ತರುತ್ತಾರೆ. ಕೊನೆಗೆ ಎಲೂಸದ ಬಿಷಪರು ಅವನನ್ನು ಕೊಂಡುಕೊಂಡು ದೇವಾಲಯದ ಸೇವೆಗೆ ಇಟ್ಟುಕೊಳ್ಳುತ್ತಾರೆ. ಇದು ಬಹುಪಾಲು ಕಟ್ಟುಕಥೆಯ ರೀತಿಯಲ್ಲಿದೆಯೆಂದು ವಿದ್ವಾಂಸರ ಮತ. ಆದರೆ ಮರುಭೂಮಿಯ ಕ್ರೈಸ್ತರಿಗೆ ತಮ್ಮ ಸುತ್ತಲಿನವರ ವಿಷಯದಲ್ಲಿದ್ದ ಭಯ ಕಟ್ಟುಕಥೆಯಲ್ಲ. ಮುಂದಿನ ಮಾತುಗಳನ್ನು ಓದುವಾಗ ಅದನ್ನು ಮರೆಯಬಾರದು.

ಉತ್ತರ ದೇವಾಲಯದ ದೀಕ್ಷಾಸ್ನಾನದ ಕೋಣೆಯಲ್ಲಿ ಅರ್ಧವೃತ್ತದ ಗೋಡೆಯ ಮೇಲ್ಭಾಗದಲ್ಲಿ ಮಸುಕಾದ ಚಿತ್ರವೊಂದಿದೆ. ನಾನು ಹತ್ತು ನಿಮಿಷ ನಿಂತು ನೋಡಿದರೂ ಕೆಂಪು ಬಣ್ಣದ ಕೆಲವು ಗೆರೆಗಳಲ್ಲದೆ ಏನೂ ಕಾಣಲಿಲ್ಲ. ಕಲಾ ಇತಿಹಾಸಕಾರ್ತಿ ಎಮ್ಮಾ ಮಾಯಾನ್-ಫನಾರ್ ಅವರು ಸರಿಯಾದ ಹೊತ್ತಿನ ಬೆಳಕಿನಲ್ಲಿ ಅದನ್ನು ಗುರುತಿಸಿ, 2018ರಲ್ಲಿ ವಿವರವನ್ನು ಪ್ರಕಟಿಸಿದರು: ಅದು ಯೇಸುವಿನ ಮುಖ. ಗಿಡ್ಡ ಗುಂಗುರು ಕೂದಲು, ಉದ್ದನೆಯ ಮುಖ, ದೊಡ್ಡ ಕಣ್ಣುಗಳು, ಯೌವನದ ಕ್ರಿಸ್ತನು. ಪಕ್ಕದಲ್ಲಿರುವ ಇನ್ನೂ ದೊಡ್ಡ ಮುಖ ಸ್ನಾನಿಕನಾದ ಯೋಹಾನನದಿರಬೇಕೆಂದೂ, ಒಟ್ಟು ಚಿತ್ರವು ಯೊರ್ದನಿನಲ್ಲಿ ನಡೆದ ದೀಕ್ಷಾಸ್ನಾನದ್ದೆಂದೂ ಅವರ ಅಭಿಪ್ರಾಯ. ಸರದಿಯ ಮೇಲೆ ನೀರು ಕಾಯುತ್ತಿದ್ದ ಊರಿನಲ್ಲಿ ನೀರೊಳಗೆ ನಿಂತ ಕರ್ತನ ಚಿತ್ರ!

ನನ್ನ ವಾಕ್ಯಕ್ಕೆ ಪೆಟ್ಟು ಬಿದ್ದದ್ದು ದಕ್ಷಿಣ ದೇವಾಲಯದಲ್ಲಿ. ಅಲ್ಲಿ ಒಂದೇ ಕಲ್ಲಿನಲ್ಲಿ ಶಿಲುಬೆಯಾಕಾರವಾಗಿ ಕಡೆದ ದೀಕ್ಷಾಸ್ನಾನದ ತೊಟ್ಟಿ ಇದೆ. ಆ ಕೋಣೆಗೆ ಹೊಂದಿಕೊಂಡೇ ಒಂದು ಸಣ್ಣ ಮಸೀದಿ. ಅದರ ಗೋಡೆಯಲ್ಲಿ ಮೆಕ್ಕಾದ ದಿಕ್ಕನ್ನು ತೋರಿಸುವ ಮಿಹ್ರಾಬಿನ ಗೂಡು. ಮಸೀದಿಯನ್ನು ಕಟ್ಟಿದವರು ಸ್ನಾನದ ಕೋಣೆಗೆ ಹಾನಿಯಾಗದಂತೆ ನೋಡಿಕೊಂಡರೆಂದು ಉತ್ಖನನಕಾರರು ಬಹಳ ಹಿಂದೆಯೇ ಗಮನಿಸಿದ್ದರು. ಅರಬ್ಬರ ಆಳ್ವಿಕೆ ಬಂದ ಮೇಲೆಯೂ ಇಲ್ಲಿನ ಸಭೆ ಬಾಳಿತೆಂಬುದಕ್ಕೆ ಕ್ರೈಸ್ತ ಶಾಸನಗಳ ಸಾಕ್ಷ್ಯವೂ ಇದೆ. ಆದುದರಿಂದ ಈ ಎರಡು ಪ್ರಾರ್ಥನಾಮಂದಿರಗಳು ಕೆಲವು ಕಾಲವಾದರೂ ಜೊತೆಜೊತೆಯಾಗಿ ಬಳಕೆಯಲ್ಲಿದ್ದವೆಂದು ಅನೇಕರು ತರ್ಕಿಸುತ್ತಾರೆ.

ಇದನ್ನು ಪ್ರೀತಿಯ ಕಥೆಯನ್ನಾಗಿ ಮಾಡುವ ಆತುರ ನನಗಿಲ್ಲ. ಒಂದು ಗೋಡೆಯನ್ನು ಕೆಡವಲಿಲ್ಲ ಎಂಬುದರಿಂದ ಕಟ್ಟಿದವನ ಹೃದಯ ತಿಳಿಯುವುದಿಲ್ಲ. ಗಟ್ಟಿಮುಟ್ಟಾದ ಗೋಡೆ ಅವನಿಗೆ ಅನುಕೂಲವೂ ಆಗಿದ್ದಿರಬಹುದು. ಆದರೆ ಊರನ್ನು ಖಡ್ಗದಿಂದ ಹಾಳುಮಾಡಿದವನು ಹೀಗೆ ಕಟ್ಟುವುದಿಲ್ಲವಷ್ಟೆ.

ಹಾಗಾದರೆ ಊರು ಹಾಳಾದದ್ದು ಹೇಗೆ? ಇದಕ್ಕೆ ಉತ್ತರ ದೇವಾಲಯಗಳಿಗಿಂತ ಹೆಚ್ಚಾಗಿ ತಿಪ್ಪೆಗಳಲ್ಲಿ ದೊರೆತಿದೆ. ಶಿವ್ತಾ, ಎಲೂಸ, ನೆಸ್ಸಾನ ಈ ಮೂರು ಊರುಗಳ ಕಸದ ದಿಬ್ಬಗಳನ್ನು ಅಗೆದ ಸಂಶೋಧಕರು ಸಾವಿರಾರು ಬೀಜಗಳನ್ನು ಎಣಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಲ್ಕನೆಯ ಶತಮಾನದಿಂದ ಆರನೆಯ ಶತಮಾನದ ಮಧ್ಯದವರೆಗೆ ದ್ರಾಕ್ಷಿಬೀಜಗಳ ಪ್ರಮಾಣ ಏರುತ್ತದೆ, ಆಮೇಲೆ ಇಳಿಯುತ್ತದೆ. ಸಮುದ್ರದಾಚೆಗೆ ದ್ರಾಕ್ಷಾರಸವನ್ನು ಸಾಗಿಸುತ್ತಿದ್ದ ಗಾಜದ ಜಾಡಿಗಳ ಚೂರುಗಳೂ ಅದೇ ರೀತಿ ಕಡಿಮೆಯಾಗುತ್ತವೆ. ಎಲೂಸದಲ್ಲಿ ಊರ ಕಸವನ್ನು ಹೊರಗೆ ಸಾಗಿಸುವ ವ್ಯವಸ್ಥೆಯೇ ಆ ಹೊತ್ತಿಗೆ ನಿಂತುಹೋಗಿತ್ತು. ಅರಬ್ಬರು ಈ ನಾಡನ್ನು ಗೆದ್ದದ್ದು 630ರ ದಶಕದಲ್ಲಿ. ಇಳಿಮುಖ ಶುರುವಾದದ್ದು ಅದಕ್ಕೆ ಸುಮಾರು ಒಂದು ಶತಮಾನ ಮೊದಲು! 536ರ ಸುಮಾರಿನಲ್ಲಿ ಅಗ್ನಿಪರ್ವತಗಳಿಂದ ಉಂಟಾದ ಶೀತಕಾಲ, 541ರಲ್ಲಿ ಆರಂಭವಾದ ಜಸ್ಟಿನಿಯನನ ಕಾಲದ ಮಹಾಮಾರಿ, ಇವುಗಳಿಂದ ಕುಗ್ಗಿದ ದೂರದ ಮಾರುಕಟ್ಟೆ: ಕಾರಣಗಳನ್ನು ಈ ಕಡೆ ಹುಡುಕಲಾಗುತ್ತಿದೆ. ದೇವಾಲಯದ ಗೋಡೆಗಳಿಗೆ ಹೊರಗಿನಿಂದ ಇಳಿಜಾರಾಗಿ ಒತ್ತುಕೊಟ್ಟು ಕಟ್ಟಿರುವ ಆಸರೆಗಳು ಭೂಕಂಪಗಳನ್ನೂ ನೆನಪಿಸುತ್ತವೆ.

ನೆರೆಯ ನೆಸ್ಸಾನದಲ್ಲಿ 1930ರ ದಶಕದಲ್ಲಿ ದೊರೆತ ಪಪೈರಸ್ ಪತ್ರಗಳು ಏಳನೆಯ ಶತಮಾನದ ಉತ್ತರಾರ್ಧದ ಬದುಕನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಗೋದಿಯನ್ನೂ ಎಣ್ಣೆಯನ್ನೂ ಒಪ್ಪಿಸಬೇಕೆಂಬ ಆಜ್ಞೆಗಳು ಗ್ರೀಕ್ ಮತ್ತು ಅರಬ್ಬೀ ಎರಡೂ ಭಾಷೆಗಳಲ್ಲಿವೆ. ತೆರಿಗೆಯ ಹೊರೆ ತಾಳಲಾರದೆ ಹಲವು ಊರಿನವರು ಕೂಡಿ ಗಾಜಕ್ಕೆ ಹೋಗಿ ಅಧಿಕಾರಿಗೆ ದೂರು ಹೇಳಲು ಸಿದ್ಧರಾದ ಪತ್ರವೊಂದಿದೆ. ಇನ್ನೊಂದು ಪತ್ರದಲ್ಲಿ ಮುಸ್ಲಿಂ ಅಧಿಕಾರಿಯೊಬ್ಬನು, ತನ್ನ ಕಡೆಯವರು ಪವಿತ್ರ ಪರ್ವತಕ್ಕೆ, ಅಂದರೆ ಸೀನಾಯಿಗೆ, ಹೋಗುವವರಿದ್ದಾರೆ, ದಾರಿ ತೋರಿಸಲು ಆಳೊಬ್ಬನನ್ನು ಕೊಟ್ಟು ಅವನ ಕೂಲಿಯನ್ನೂ ಕೊಡಿರಿ ಎಂದು ಊರವರಿಗೆ ಆಜ್ಞಾಪಿಸುತ್ತಾನೆ. ಭಾರವಾದ ತೆರಿಗೆಯೂ ಸೀನಾಯಿಯ ಯಾತ್ರೆಯೂ ಒಂದೇ ಕಟ್ಟಿನ ಕಾಗದಗಳಲ್ಲಿವೆ. ಚರಿತ್ರಕಾರನು ಒಂದನ್ನು ಓದಿ ಇನ್ನೊಂದನ್ನು ಮಡಿಸಿಡುವಂತಿಲ್ಲ.

ಯಾವ ಪ್ರಾರ್ಥನಾಮಂದಿರ ಎಲ್ಲಿತ್ತು, ಯಾರು ಕೆಡವಿದರು ಎಂಬುದು ನಮ್ಮ ದೇಶದಲ್ಲಿ ನ್ಯಾಯಾಲಯಗಳವರೆಗೂ ಬೀದಿಗಳವರೆಗೂ ಬಂದಿರುವ ವಿಷಯ. ಸೆಮಿನರಿಯ ತರಗತಿ ಅದರಿಂದ ಹೊರಗಿದೆಯೆಂದು ನಾವು ಭಾವಿಸಿಕೊಳ್ಳುತ್ತೇವೆ. ಆದರೆ ಪರಿಶೀಲಿಸದ ಒಂದು ವಾಕ್ಯವನ್ನು ನಾನು ವರ್ಷವರ್ಷವೂ ಮುಂದಿನ ಸಭಾಪಾಲಕರ ಕೈಗೆ ಕೊಟ್ಟು ಕಳುಹಿಸಿದ್ದೆನು. ಅದು ಎಷ್ಟು ಪ್ರಸಂಗಪೀಠಗಳಿಂದ ಕೇಳಿಬಂದಿತೋ ಬಲ್ಲವನಲ್ಲ. ನೆರೆಯವನ ಮೇಲೆ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯಲ್ಲಿ, ನೆರೆಯವನು ಸತ್ತು ಹದಿಮೂರು ಶತಮಾನ ಕಳೆದಿದ್ದರೆ ಸಲ್ಲುತ್ತದೆ ಎಂಬ ವಿನಾಯಿತಿ ಇಲ್ಲ.

ಶನಿವಾರ ಮಧ್ಯಾಹ್ನ ಹೊರಡುವ ಮುನ್ನ ಊರ ಅಂಚಿನ ಮನೆಗಳ ನಡುವೆ ಇನ್ನೊಮ್ಮೆ ನಡೆದೆವು. ಹಲವು ಮನೆಗಳ ಬಾಗಿಲುಗಳನ್ನು ಒಪ್ಪವಾಗಿ ಜೋಡಿಸಿದ ಕಲ್ಲುಗಳಿಂದ ಮುಚ್ಚಲಾಗಿದೆ. ಬಿದ್ದ ಕಲ್ಲುಗಳಲ್ಲ ಅವು, ಇಟ್ಟ ಕಲ್ಲುಗಳು. ಹೊರಡುವವರು ಮನೆಯ ಸಾಮಾನನ್ನು ಹೊರಗೆ ತಂದು, ಪ್ರಾಣಿಗಳೋ ಪರರೋ ಒಳಗೆ ಹೋಗದಂತೆ ಬಾಗಿಲನ್ನು ಮುಚ್ಚಿ, ಒಂದೊಂದೇ ಕುಟುಂಬವಾಗಿ ಊರು ಬಿಟ್ಟಿರಬೇಕೆಂದು ಅಗೆದವರು ಹೇಳುತ್ತಾರೆ. ಮರಳಿ ಬರುವ ಉದ್ದೇಶವಿಲ್ಲದವನು ಬಾಗಿಲಿಗೆ ಅಷ್ಟು ಶ್ರಮಪಟ್ಟು ಕಲ್ಲು ಜೋಡಿಸುವನೇ ಎಂದು ನಮ್ಮಲ್ಲಿ ಒಬ್ಬರು ಕೇಳಿದರು. ಸಬ್ಬತ್ತು ಮುಗಿಯುವ ಮೊದಲೇ ನಾವು ಯೆರೂಸಲೇಮನ್ನು ಸೇರಿದೆವು. ಆ ರಾತ್ರಿ ನಾನು ಏಳನೆಯ ಶತಮಾನದ ಪಾಠದ ಟಿಪ್ಪಣಿಯನ್ನು ತೆರೆದು ಆ ವಾಕ್ಯವನ್ನು ಹೊಡೆದುಹಾಕಿದೆನು. ಅದರ ಜಾಗದಲ್ಲಿ ಈಗ ಎರಡು ಪುಟಗಳಿವೆ. ಒಂದು ತರಗತಿಯ ಅವಧಿಯಲ್ಲಿ ಅವು ಮುಗಿಯುವುದಿಲ್ಲವೆಂದು ವಿದ್ಯಾರ್ಥಿಗಳು ದೂರುತ್ತಾರೆ.